ಬಚ್ಚಲ ಒಲೆಯಿಂದ ಬೇಲಿ ಜಗಳದವರೆಗೆ: ದಿನದ ಬದುಕನ್ನೆಲ್ಲ ಪ್ರಾರ್ಥನೆಗೆ ತರುವುದು ಹೇಗೆ?

ನಮ್ಮ ಮನೆಯ ಸಂಜೆ ಪ್ರಾರ್ಥನೆ ಏಳೂವರೆಗೆ ಶುರುವಾದರೆ ಎಂಟಕ್ಕೆ ಮುಗಿಯುತ್ತಿತ್ತು. ಜಪಸರ, ಒಂದು ಕೀರ್ತನೆ, ಆಮೇಲೆ ಲೋಕಶಾಂತಿಗಾಗಿ, ಗುರುಗಳಿಗಾಗಿ, ರೋಗಿಗಳಿಗಾಗಿ, ಅಗಲಿದ ಆತ್ಮಗಳಿಗಾಗಿ ಬೇಡಿಕೆ, ಕೊನೆಗೆ ಆಮೆನ್. ಚಾಪೆ ಸುತ್ತಿಡುವ ಮೊದಲೇ ಮಾತು ಶುರುವಾಗುತ್ತಿತ್ತು. "ನಾಳೆ ಅಡಿಕೆ ಮರ ಹತ್ತೋ ಕೊನೆಗಾರ ಬರಲ್ವಂತೆ." "ಗ್ಯಾಸ್ ಮುಗೀತು." "ಸೊಸೈಟಿಯಿಂದ ಮತ್ತೆ ಫೋನ್ ಬಂದಿತ್ತು." "ಇವಳ್ಯಾಕೋ ಎರಡು ದಿನದಿಂದ ಸರಿಯಾಗಿ ಊಟಾನೇ ಮಾಡ್ತಿಲ್ಲ."

ಅರ್ಧ ಗಂಟೆ ದೇವರ ಮುಂದೆ ಕೂತಿದ್ದೆವಲ್ಲ, ಇದರಲ್ಲಿ ಒಂದನ್ನಾದರೂ ಅಲ್ಲಿ ಹೇಳಿದ್ದೆವಾ? ಇಲ್ಲ. ಕರೆದ ನೆಂಟರನ್ನು ಜಗಲಿಯಲ್ಲೇ ಕೂರಿಸಿ, ಹವಾಮಾನದ ಮಾತಾಡಿ, ಒಳಗೆ ಬನ್ನಿ ಅನ್ನದೆ ಕಳಿಸಿದ ಹಾಗಿತ್ತು ನಮ್ಮ ಪ್ರಾರ್ಥನೆ.

ನನ್ನ ತವರು ಶಿವಮೊಗ್ಗ ಪೇಟೆಯ ಸಿಎಸ್‌ಐ (ಪ್ರಾಟೆಸ್ಟೆಂಟ್) ಮನೆ, ಕೊಟ್ಟಿದ್ದು ತೀರ್ಥಹಳ್ಳಿ ಕಡೆಯ ಕಥೋಲಿಕ ಮನೆಗೆ. ಎರಡು ಬಗೆಯ ಪ್ರಾರ್ಥನೆಯನ್ನೂ ಕಂಡಿದ್ದೇನೆ. ಎರಡರಲ್ಲೂ ಈ ಜಗಲಿ ಇದೆ. ಅದನ್ನು ದಾಟಲು ನಾವು ಮಾಡಿಕೊಂಡ ಏರ್ಪಾಡುಗಳನ್ನು ಇಲ್ಲಿ ಒಂದೊಂದಾಗಿ ಬರೆದಿದ್ದೇನೆ. ಎಲ್ಲವನ್ನೂ ಒಂದೇ ದಿನ ಶುರುಮಾಡಲು ಹೋಗಬೇಡಿ, ಮೂರನೇ ದಿನಕ್ಕೆ ಸುಸ್ತಾಗುತ್ತೀರಿ.

ಮೊದಲ ವಾರ: ಆಮೆನ್ ಆದ ಮೇಲಿನ ಐದು ನಿಮಿಷ ಕೇಳಿಸಿಕೊಳ್ಳಿ

ಒಂದು ವಾರ ಪ್ರಾರ್ಥನೆಯಲ್ಲಿ ಏನನ್ನೂ ಬದಲಿಸಬೇಡಿ. ಆಮೆನ್ ಆದ ತಕ್ಷಣ ಮನೆಯವರ ಬಾಯಿಂದ ಬರುವ ಮಾತುಗಳನ್ನು ಮಾತ್ರ ಒಂದು ಹಳೇ ನೋಟ್‌ಬುಕ್ಕಿನಲ್ಲಿ ಗುರುತು ಹಾಕಿಕೊಳ್ಳಿ. ಒಂಟಿಯಾಗಿ ಇರುವವರು ದೀಪ ಆರಿಸಿದ ಮೇಲೆ ತಲೆಯೊಳಗೆ ಮೊದಲು ಬರುವ ಯೋಚನೆಯನ್ನು ಬರೆಯಿರಿ. ಏಳು ದಿನಕ್ಕೆ ನಮ್ಮ ಪಟ್ಟಿಯಲ್ಲಿ ಇಪ್ಪತ್ತಮೂರು ವಿಷಯ ಸೇರಿದವು. ಪಂಪ್‌ಸೆಟ್ಟಿನ ಸ್ಟಾರ್ಟರ್, ಅತ್ತೆಯ ಮಂಡಿನೋವು, ಮಗಳ ಮೌನ, ಪಕ್ಕದ ತೋಟದವರ ಅಗಳ (ಗಡಿಯ ಕಂದಕ), ಒಡೆದ ಹಂಚು, ಸಾಲ. ಲೋಕಶಾಂತಿ ಅದರಲ್ಲಿ ಇರಲಿಲ್ಲ, ನಿಜ ಹೇಳಬೇಕು.

"ಸ್ಟಾರ್ಟರ್ ಸುಟ್ಟಿದ್ದನ್ನೆಲ್ಲ ದೇವರಿಗೆ ಹೇಳೋದಾ?" ಅಂತ ನಮ್ಮನೆಯವರು ನಕ್ಕರು. ಆಗ ನಾನು ಅವರ ಮುಂದಿಟ್ಟದ್ದು ಅರಸುಗಳ ಎರಡನೆಯ ಗ್ರಂಥದ 6ನೇ ಅಧ್ಯಾಯದ ಮೊದಲ ಏಳು ವಚನಗಳನ್ನು. ಪ್ರವಾದಿಯ ಶಿಷ್ಯರು ಜೋರ್ಡನ್ ನದಿಯ ದಡದಲ್ಲಿ ಮರ ಕಡಿಯುತ್ತಿರುತ್ತಾರೆ. ಒಬ್ಬನ ಕೊಡಲಿ ಕಾವಿನಿಂದ ಕಳಚಿ ನೀರಿಗೆ ಬೀಳುತ್ತದೆ. ಅವನು ಕೂಗಿಕೊಳ್ಳುವುದು ಕೊಡಲಿ ಹೋಯಿತು ಎಂದಷ್ಟೇ ಅಲ್ಲ, ಅದು ಎರವಲು ತಂದದ್ದು ಎಂದು! ಮಲೆನಾಡಿನಲ್ಲಿ ಪಕ್ಕದ ಮನೆಯ ಕತ್ತಿ, ಏಣಿ, ಸ್ಪ್ರೇಯರ್ ಎರವಲು ತಂದು ಹಾಳುಮಾಡಿಕೊಂಡವರಿಗೆ ಆ ಕೂಗು ಚೆನ್ನಾಗಿ ಅರ್ಥವಾಗುತ್ತದೆ. ಎಲೀಷ ಅವನನ್ನು ಗದರಲಿಲ್ಲ. ಎಲ್ಲಿ ಬಿತ್ತು ಎಂದು ಕೇಳಿದ. ಒಂದು ರಾಜ್ಯದ ಅರಸರ ಕಥೆ, ಯುದ್ಧ, ಬರಗಾಲದ ನಡುವೆ ಒಂದು ಎರವಲು ಕೊಡಲಿಗೆ ಜಾಗ ಸಿಕ್ಕಿದೆ. ಸ್ಟಾರ್ಟರಿಗೂ ಸಿಗುತ್ತದೆ.

ಗಡಿಯಾರಕ್ಕಲ್ಲ, ಕೆಲಸಕ್ಕೆ ಕಟ್ಟಿ

ದಾನಿಯೇಲ ದಿನಕ್ಕೆ ಮೂರು ಸಲ ಮೊಣಕಾಲೂರಿದ. 55ನೇ ಕೀರ್ತನೆಯವನೂ ಸಂಜೆ, ಬೆಳಿಗ್ಗೆ, ಮಧ್ಯಾಹ್ನ ಎನ್ನುತ್ತಾನೆ. ಈ ಹೊತ್ತುಗಳನ್ನು ಬಿಡಬೇಡಿ. ಆದರೆ ತೋಟ, ಕೊಟ್ಟಿಗೆ, ಮಕ್ಕಳ ಶಾಲೆ ಇರುವ ಮನೆಯಲ್ಲಿ ಗಡಿಯಾರ ನಮ್ಮ ಮಾತು ಕೇಳುವುದಿಲ್ಲ. ಕೆಲಸ ಮಾತ್ರ ತಪ್ಪುವುದಿಲ್ಲ. ಹಾಗಾಗಿ ದಿನವೂ ಮಾಡಲೇಬೇಕಾದ ಮೂರು ಕೆಲಸ ಆರಿಸಿಕೊಳ್ಳಿ, ಒಂದೊಂದಕ್ಕೆ ಒಂದೊಂದು ವಿಷಯ ಕಟ್ಟಿ.

ನನಗೆ ಮೊದಲನೆಯದು ಬಚ್ಚಲ ಒಲೆ. ಬೆಳಿಗ್ಗೆ ಐದೂವರೆಗೆ ಹಂಡೆಯ ಮುಂದೆ ಕುಕ್ಕರಗಾಲಲ್ಲಿ ಕೂರುತ್ತೇನೆ. ಕೆಳಗೆ ಅಡಿಕೆ ಸಿಪ್ಪೆ, ಅದರ ಮೇಲೆ ಒಣಹಾಳೆಯ ಚೂರು, ಮೇಲೆ ಸಣ್ಣ ಸೌದೆ. ಮಳೆಗಾಲದಲ್ಲಿ ಮೊದಲ ಎರಡು ಕಡ್ಡಿ ದಂಡ, ಪೆಟ್ಟಿಗೆಯೇ ತೇವವಾಗಿರುತ್ತದೆ. ಮೂರನೆಯದು ಹತ್ತಿದರೂ ಸಿಪ್ಪೆ ಹೊಗೆಯಾಡುತ್ತದೆಯೇ ಹೊರತು ಉರಿಯುವುದಿಲ್ಲ. ಕೊಳವೆಯಿಂದ ಊದಬೇಕು, ಕಣ್ಣುಜ್ಜಿಕೊಳ್ಳಬೇಕು, ಮತ್ತೆ ಊದಬೇಕು. ಹಾಳೆಯ ಅಂಚು ಕೆಂಪಾಗಿ ಮುದುರಿ ಒಮ್ಮೆ ಭುಗ್ಗೆಂದರೆ ಆಯಿತು. ಅಲ್ಲಿಯವರೆಗಿನ ನಾಲ್ಕು ನಿಮಿಷದಲ್ಲಿ, ಆ ಹಂಡೆಯ ನೀರು ಯಾರ್ಯಾರು ಮೀಯುತ್ತಾರೋ ಅವರನ್ನು ಒಬ್ಬೊಬ್ಬರಾಗಿ ಹೆಸರು ಹಿಡಿದು ಹೇಳುತ್ತೇನೆ. ಅತ್ತೆಗೆ ಮೊದಲ ಚೊಂಬು, ಆಮೇಲೆ ಮಗಳು, ತೋಟದಿಂದ ಬಂದ ಮೇಲೆ ಇವರು. ನೆಂಟರು ಬಂದಿದ್ದರೆ ಅವರೂ. ಉದ್ದದ ಮಾತಿಲ್ಲ. "ಅತ್ತೆಗೆ ಇವತ್ತು ಮೆಟ್ಟಿಲು ಇಳಿಯೋಕೆ ಆಗಲಿ ಸ್ವಾಮಿ." "ಇವಳಿಗೆ ಇವತ್ತು ಲೆಕ್ಕದ ಪರೀಕ್ಷೆ." ಅಷ್ಟೇ. ಬೆಂಕಿ ಹತ್ತಿದರೆ ಪ್ರಾರ್ಥನೆ ಮುಗಿಯಿತು. ಗೀಸರ್ ಇರುವವರು ಸ್ವಿಚ್ ಒತ್ತಿ ನಿಲ್ಲಿ, ಕಣ್ಣುರಿಯಾದರೂ ಉಳಿಯುತ್ತದೆ.

ನಿಮ್ಮದು ಬೇರೆ ಇರಬಹುದು. ಡೇರಿಗೆ ಹಾಲು ಹಾಕುವ ಸಾಲು, ಮಕ್ಕಳ ಬುತ್ತಿ ಕಟ್ಟುವ ಹೊತ್ತು, ಅಂಗಡಿಯ ಶಟರ್ ಎತ್ತುವ ಗಳಿಗೆ. ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ದಿನವೂ ಬಸ್ಸಿನಲ್ಲಿ ಹೋಗುವವರೊಬ್ಬರು ಮಂಡಗದ್ದೆ ದಾಟಿದರೆ ಸಕ್ರೆಬೈಲಿನವರೆಗೆ ಮೊಬೈಲ್ ಬ್ಯಾಗಿನೊಳಗೆ ಎಂದು ನಿಯಮ ಮಾಡಿಕೊಂಡಿದ್ದಾರೆ. ಪೇಟೆಯಲ್ಲಿ ಕೆಲಸ ಇರುವವರಿಗೆ ಬಿ.ಎಚ್. ರಸ್ತೆಯ ಸೇಕ್ರೆಡ್ ಹಾರ್ಟ್ ಚರ್ಚ್ ಇದೆ. ಹೊರಗಿನ ಹಾರನ್ ಸದ್ದಿನಿಂದ ಒಳಗೆ ಕಾಲಿಟ್ಟು ಐದು ನಿಮಿಷ ಸುಮ್ಮನೆ ಕೂತು ಬಂದರೂ ಮಧ್ಯಾಹ್ನದ ಪಾಲು ಸಂದಿತು.

17ನೇ ಶತಮಾನದಲ್ಲಿ ಪ್ಯಾರಿಸ್ಸಿನ ಕಾರ್ಮೆಲ್ ಮಠವೊಂದರ ಅಡುಗೆಮನೆಯಲ್ಲಿ ದುಡಿದ ಬ್ರದರ್ ಲಾರೆನ್ಸ್ ಎಂಬವರಿದ್ದರು. ಅಡುಗೆ ಕೆಲಸ ಅವರಿಗೆ ಇಷ್ಟದ್ದಾಗಿರಲಿಲ್ಲವಂತೆ. ಆದರೂ ಪಾತ್ರೆ ಸದ್ದಿನ ನಡುವೆ ಇರುವಾಗಲೂ ಪೂಜೆಯಲ್ಲಿ ಮೊಣಕಾಲೂರಿದಾಗಲೂ ತಮಗೆ ದೇವರು ಒಂದೇ ಹತ್ತಿರ ಎನ್ನುತ್ತಿದ್ದರು. ನನಗೆ ಅಷ್ಟು ದೊಡ್ಡ ಮಾತು ಹೇಳುವ ಧೈರ್ಯವಿಲ್ಲ. ಒಲೆ ಮುಂದೆ ನಾಲ್ಕು ನಿಮಿಷದ ಲೆಕ್ಕ ಮಾತ್ರ ನನ್ನದು.

ನೆಹೆಮೀಯನದು ಇನ್ನೂ ಚಿಕ್ಕದು. ಅರಸನ ಮುಂದೆ ನಿಂತಿದ್ದಾನೆ, ನಿನಗೇನು ಬೇಕು ಎಂದು ಅರಸ ಕೇಳುತ್ತಾನೆ. ನೆಹೆಮೀಯ ದೇವರನ್ನು ಪ್ರಾರ್ಥಿಸಿ ಉತ್ತರ ಕೊಟ್ಟ ಎಂದಿದೆ. ಪ್ರಶ್ನೆಗೂ ಉತ್ತರಕ್ಕೂ ನಡುವೆ ಎಷ್ಟು ಹೊತ್ತಿದ್ದೀತು? ಒಂದು ಉಸಿರು. ತಾಲ್ಲೂಕು ಕಚೇರಿಯ ಕೌಂಟರಿನ ಮುಂದೆ, ಡಾಕ್ಟರು ರಿಪೋರ್ಟ್ ತೆರೆಯುವಾಗ, ಮಗ ಫೋನಿನಲ್ಲಿ "ಅಮ್ಮಾ, ಒಂದು ವಿಷಯ ಹೇಳ್ಬೇಕು" ಎಂದಾಗ ಆ ಒಂದು ಉಸಿರು ಸಾಕು.

ಮನೆಮಾತಿನಲ್ಲಿ ಹೇಳಿ

ತವರಿನಲ್ಲಿ ನಾವು "ನಿನ್ನ ರಾಜ್ಯವು ಬರಲಿ" ಎನ್ನುತ್ತಿದ್ದೆವು. ಇಲ್ಲಿ ಎಲ್ಲರೂ "ನಿಮ್ಮ" ಎನ್ನುತ್ತಾರೆ. ಮದುವೆಯಾದ ಹೊಸದರಲ್ಲಿ ನನ್ನ "ನೀನು" ಕೇಳಿ ಅತ್ತೆ ಹುಬ್ಬೇರಿಸಿದ್ದುಂಟು. ಅವರ ಕಿವಿಗೆ ಅದು ಏಕವಚನದ ಸಲಿಗೆ, ನನ್ನ ಕಿವಿಗೆ ಅವರದು ಮ್ಯಾನೇಜರ್ ಮುಂದೆ ನಿಂತ ಹಾಗೆ. ಎರಡೂ ಸರಿ. ಅಪ್ಪನನ್ನು ನೀವು ಎನ್ನುವ ಮನೆಗಳೂ ಇವೆ, ನೀನು ಎನ್ನುವ ಮನೆಗಳೂ ಇವೆ. ಎರಡು ಕಡೆಯೂ ಮಕ್ಕಳು ಹೊಟ್ಟೆನೋವನ್ನು ಅಪ್ಪನಿಗೆ ಹೇಳುತ್ತವೆ. ಯೇಸುಸ್ವಾಮಿ ಗೆತ್ಸೆಮನೆ ತೋಟದಲ್ಲಿ ಕರೆದದ್ದು "ಅಬ್ಬಾ" ಎಂದು. ಅದು ಅವರ ಮನೆಮಾತಾದ ಅರಮಾಯದ ಪದ. ನಮ್ಮ "ಅಪ್ಪಾ"ಗೆ ಎಷ್ಟು ಹತ್ತಿರ ನೋಡಿ!

ತೊಂದರೆ ಇರುವುದು ಬೇರೆ ಕಡೆ. ಕನ್ನಡ ಬೈಬಲ್ ಪೂರ್ತಿಯಾಗಿ ಬಳ್ಳಾರಿಯಲ್ಲಿ ಅಚ್ಚಾದದ್ದು 1831ರಲ್ಲಿ. ಅಂದಿನಿಂದ ನಮ್ಮ ಬಾಯಲ್ಲಿ ಪ್ರಾರ್ಥನೆಗೆಂದೇ ಒಂದು ಕನ್ನಡ ಬೆಳೆದಿದೆ: ದಯಪಾಲಿಸು, ಅನುಗ್ರಹಿಸು, ಪರಾಂಬರಿಸು. ಚಂದದ ಮಾತುಗಳು, ಆರಾಧನೆಗೆ ಬೇಕು. ಆದರೆ ಆ ಮಾತಿನಲ್ಲಿ ಸ್ಟಾರ್ಟರ್ ಸುಟ್ಟದ್ದನ್ನು ಹೇಳಲು ಹೋಗಿ, ನಾಲಿಗೆ ತಾನಾಗಿ "ನಮ್ಮ ಸಕಲ ಅಗತ್ಯಗಳನ್ನು ಪೂರೈಸು" ಎಂಬಲ್ಲಿಗೆ ಜಾರುತ್ತದೆ. ವಿಷಯ ಅಲ್ಲೇ ಮಾಯ.

ಹೀಗೊಂದು ಅಭ್ಯಾಸ ಮಾಡಿ. ಪ್ರಾರ್ಥನೆಯಲ್ಲಿ "ಎಲ್ಲ", "ಸಕಲ", "ಸಮಸ್ತ" ಎಂಬ ಮಾತು ಬಂದಾಗಲೆಲ್ಲ ನಿಲ್ಲಿಸಿ, ಅದರ ಜಾಗಕ್ಕೆ ಒಂದು ಹೆಸರೋ ಒಂದು ವಸ್ತುವೋ ಹಾಕಿ. "ಎಲ್ಲ ರೋಗಿಗಳನ್ನು" ಎನ್ನುವ ಬದಲು "ಮೇಲಿನಮನೆ ಅಜ್ಜಿಯ ಕೆಮ್ಮು". "ಸಮಸ್ತ ಕಷ್ಟಗಳನ್ನು" ಎನ್ನುವ ಬದಲು "ಹದಿನೈದನೇ ತಾರೀಕಿನ ಕಂತು".

ಬಾಯಿಪಾಠದ ಪ್ರಾರ್ಥನೆ ಬಿಡಿ ಎಂದು ನಾನು ಹೇಳುತ್ತಿಲ್ಲ. ಮಾತೇ ಹೊರಡದ ದಿನ ಅದೇ ಊರುಗೋಲು. ಕರ್ತನ ಪ್ರಾರ್ಥನೆಯನ್ನು ಚೌಕಟ್ಟಿನ ಹಾಗೆ ಬಳಸಬಹುದು. ಅನುದಿನದ ಆಹಾರದ ಸಾಲಿಗೆ ಬಂದಾಗ ಒಂದು ಗಳಿಗೆ ನಿಂತು ಅಕ್ಕಿ ಡಬ್ಬಿಯ ವಿಷಯ ಹೇಳಿ. ತಪ್ಪು ಕ್ಷಮಿಸುವ ಸಾಲಿಗೆ ಬಂದಾಗ ನಿಂತು ಒಬ್ಬರ ಹೆಸರು ಹೇಳಿ, ಮುಂದೆ ಹೋಗಿ. ಎರಡನೆಯದರಲ್ಲಿ ನಾನು ಸಾಮಾನ್ಯವಾಗಿ ನಿಲ್ಲುವುದೇ ಇಲ್ಲ, ಓಡುತ್ತೇನೆ.

ವಿಷಯ ಹೇಳಿ, ದಾರಿ ಹೇಳಿಕೊಡಬೇಡಿ

ಕಾನಾ ಊರಿನ ಮದುವೆಯಲ್ಲಿ ಮಾತೆ ಮರಿಯ ಹೇಳಿದ್ದು ಇಷ್ಟೇ: ಅವರಲ್ಲಿ ದ್ರಾಕ್ಷಾರಸ ಮುಗಿದಿದೆ. ಬೆಥಾನಿಯ ಅಕ್ಕತಂಗಿಯರು ಹೇಳಿಕಳಿಸಿದ್ದೂ ಅಷ್ಟೇ: ನೀವು ಪ್ರೀತಿಸುವವನು ಕಾಯಿಲೆ ಬಿದ್ದಿದ್ದಾನೆ. ಬನ್ನಿ ಎಂದೂ ಬರೆಯಲಿಲ್ಲ, ಬಂದು ಇದು ಮಾಡಿ ಎಂದೂ ಬರೆಯಲಿಲ್ಲ. ಎರಡನ್ನೂ ಯೊವಾನ್ನನ ಶುಭಸಂದೇಶದಲ್ಲಿ ಓದಬಹುದು, 2 ಮತ್ತು 11ನೇ ಅಧ್ಯಾಯಗಳಲ್ಲಿ.

ನಾವೋ, ದೇವರಿಗೆ ಪೂರ್ತಿ ಪ್ಲಾನ್ ಬರೆದುಕೊಡುತ್ತೇವೆ. ಇಂಥ ಮಂಡಿಯಲ್ಲಿ, ಇಂಥ ವಾರ, ಇಷ್ಟು ಧಾರಣೆ. ಕೇಳುವುದು ತಪ್ಪಲ್ಲ, ನಡುರಾತ್ರಿ ಬಾಗಿಲು ಬಡಿದ ಗೆಳೆಯನ ಕಥೆಯನ್ನು ಹೇಳಿದವರೇ ಯೇಸುಸ್ವಾಮಿ. ಆದರೆ ದಿನದ ಮೊದಲ ಸಲಕ್ಕೆ ವಿಷಯವನ್ನು ಮಾತ್ರ ಹೇಳಿ ಬಾಯಿ ಮುಚ್ಚಿ ನೋಡಿ. "ಮಗಳು ಮಾತಾಡ್ತಿಲ್ಲ." ಪೂರ್ಣವಿರಾಮ. ಮುಂದಿನ ಮಾತು ಹೇಳದೆ ಒಂದು ನಿಮಿಷ ಕೂರುವುದು ಎಷ್ಟು ಕಷ್ಟ ಎಂದು ಗೊತ್ತಾಗುತ್ತದೆ. ಹಾಗೆ ಕೂತ ಮೂರನೇ ದಿನ ನನಗೆ ಹೊಳೆದದ್ದು: ಅವಳು ಮಾತಾಡುತ್ತಿಲ್ಲ ಎಂದು ನಾನು ಎಲ್ಲರ ಹತ್ತಿರ ಹೇಳಿದ್ದೆ, ಅವಳ ಹತ್ತಿರ ಒಂದು ಸಲವೂ ಕೇಳಿರಲಿಲ್ಲ.

ದುಡ್ಡಿನ ಮಾತು

ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ. ದೇವರ ಮುಂದೆ ನಾವು ಅತಿ ಕಡಿಮೆ ಮಾತಾಡುವುದು ಈ ವಿಷಯವನ್ನೇ.

ಬೆಳೆ ಸಾಲದ ನೋಟಿಸು ಬಂದಾಗ ಇವರು ಅದನ್ನು ಮಡಚಿ ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿದ್ದರು. ನಾನು ಕ್ಯಾಲೆಂಡರ್ ಕಡೆ ನೋಡುವುದನ್ನೇ ಬಿಟ್ಟಿದ್ದೆ. ಹಿಜ್ಕೀಯ ಅರಸನಿಗೂ ಒಂದು ಪತ್ರ ಬಂದಿತ್ತು, ಅಸ್ಸೀರಿಯದವರ ಬೆದರಿಕೆ ಪತ್ರ. ಅವನು ಓದಿದ, ದೇವಾಲಯಕ್ಕೆ ಹೋಗಿ ದೇವರ ಮುಂದೆ ಅದನ್ನು ಬಿಚ್ಚಿ ಹರಡಿದ. ಅರಸುಗಳ ಎರಡನೆಯ ಗ್ರಂಥ, 19:14. ಆ ಹರಡುವ ಕೆಲಸವನ್ನು ನಾವೂ ಮಾಡಿದೆವು. ಶನಿವಾರ ಸಂಜೆ ನೋಟಿಸು, ಪಾಸ್‌ಬುಕ್ಕು, ಗೊಬ್ಬರದ ಅಂಗಡಿಯ ಚೀಟಿ, ಚಿನ್ನ ಅಡವಿಟ್ಟ ರಸೀದಿ, ಎಲ್ಲವನ್ನೂ ಮೇಜಿನ ಮೇಲೆ ಶಿಲುಬೆಯ ಮುಂದೆ ಬಿಚ್ಚಿಟ್ಟೆವು. ರಸೀದಿಯ ವಿಷಯ ಅತ್ತೆಗೆ ಗೊತ್ತಿರಲಿಲ್ಲ. ಒಂದೊಂದನ್ನೂ ಜೋರಾಗಿ ಓದಿದೆವು. ಆಮೇಲೆ ಯಾರಿಗೂ ಮಾತು ಬರಲಿಲ್ಲ. ಇವರು ಒಂದು ಸಲ "ಸ್ವಾಮೀ" ಎಂದರು, ಅಷ್ಟೇ.

ಆಕಾಶದಿಂದ ದುಡ್ಡು ಬೀಳಲಿಲ್ಲ. ಒಟ್ಟು ಎಷ್ಟು ಎಂದು ಮೊದಲ ಬಾರಿ ಕೂಡಿಸಿ ನೋಡಿದೆವು, ಸೋಮವಾರ ಇವರು ಸೊಸೈಟಿಗೆ ಹೋಗಿ ಕಂತಿನ ಮಾತು ಆಡಿ ಬಂದರು. ಅಡಗಿಸಿಟ್ಟ ಕಾಗದ ಬಿಚ್ಚಿದ್ದರಿಂದ ಆದದ್ದು ಅಷ್ಟು.

ಮಾಡುವ ಕ್ರಮ ಹೀಗೆ: ತಿಂಗಳಿಗೆ ಒಂದು ದಿನ ಗೊತ್ತುಮಾಡಿ. ಬಾಕಿ ಕಾಗದ ಎಲ್ಲವೂ ಹೊರಬರಲಿ, ಮನೆಯ ದೊಡ್ಡವರೆಲ್ಲ ಇರಲಿ. ಮೊದಲು ಬಂದದ್ದಕ್ಕೆ ಸ್ತೋತ್ರ, ಆಮೇಲೆ ಕೊಡಬೇಕಾದದ್ದನ್ನು ಓದುವುದು, ಕೊನೆಗೆ ಇನ್ನೊಂದು ಪ್ರಶ್ನೆ: ನಾವು ಯಾರಿಗೆ ಬಾಕಿ?

ಈ ಕೊನೆಯ ಪ್ರಶ್ನೆ ನಮಗೆ ತಿರುಗಿ ಬಡಿಯಿತು. ಅಡಿಕೆ ಸುಲಿಯುವ ಹೆಂಗಸರಿಗೆ ನಾವು ಡಬ್ಬದ ಲೆಕ್ಕದಲ್ಲಿ ಕೂಲಿ ಕೊಡುತ್ತಿದ್ದೆವು. ಸುಲಿದ ಅಡಿಕೆಯನ್ನು ನಾನೇ ಅಳೆಯುತ್ತಿದ್ದೆ. ಡಬ್ಬದ ಬಾಯಿಮಟ್ಟಕ್ಕೆ ಒಂದು ಲೆಕ್ಕ. ನಾನು ಕೈಯಿಂದ ಒತ್ತಿ, ಮೇಲೆ ಗೋಪುರದ ಹಾಗೆ ಪೇರಿಸಿ, ಉರುಳಿ ಬೀಳುವವರೆಗೆ ತುಂಬಿ ಒಂದು ಎಂದು ಎಣಿಸುತ್ತಿದ್ದೆ. ಊರಲ್ಲಿ ಹಲವರು ಹಾಗೇ ಮಾಡುತ್ತಾರೆ ಎಂಬುದು ನನ್ನ ಸಮಾಧಾನ. ರಾತ್ರಿ ಹನ್ನೊಂದರವರೆಗೆ ಮೆಟ್ಟುಗತ್ತಿ ಮುಂದೆ ಕೂತು, ಚೊಗರಿನಿಂದ ಬೆರಳು ಕಪ್ಪಾದವರು ನನ್ನ ಕೈಯನ್ನು ನೋಡುತ್ತಿದ್ದರು, ಏನೂ ಹೇಳುತ್ತಿರಲಿಲ್ಲ. ಕೂಲಿಯವರ ತಡೆಹಿಡಿದ ಕೂಲಿ ಕೂಗುತ್ತದೆ ಎಂದು ಯಾಕೋಬನ ಪತ್ರದಲ್ಲಿ ನೂರು ಸಲ ಓದಿದ್ದೆ. ಮೋಸದ ತಕ್ಕಡಿ ಸರ್ವೇಶ್ವರನಿಗೆ ಅಸಹ್ಯ ಎಂದು ಜ್ಞಾನೋಕ್ತಿಯಲ್ಲಿಯೂ ಓದಿದ್ದೆ. ನನ್ನದು ತಕ್ಕಡಿಯಲ್ಲ, ಡಬ್ಬ ತಾನೆ!

ಅಡಿಕೆಗೆ ಒಳ್ಳೆಯ ಧಾರಣೆ ಬರಲಿ ಎಂದು ಕೇಳಲು ಕೂತಾಗ ಆ ಗೋಪುರ ಕಣ್ಣಮುಂದೆ ಬಂತು. ಮರುದಿನ ಒಂದು ಮರದ ಪಟ್ಟಿ ತಂದು ಡಬ್ಬದ ಬಾಯಿಗೆ ಸವರಿ ಅಳೆದೆ. ಹಿಂದಿನ ವಾರದ್ದಕ್ಕೆ ತಲಾ ಇಷ್ಟೆಂದು ಸೇರಿಸಿ ಕೊಟ್ಟೆ. ಅವರಲ್ಲಿ ಹಿರಿಯಾಕೆ ದುಡ್ಡು ಸೆರಗಿಗೆ ಕಟ್ಟಿಕೊಳ್ಳುತ್ತ, "ಈಗ ಗೊತ್ತಾಯ್ತಾ ಅಮ್ಮ?" ಎಂದಳು. ಅಡಿಕೆ ಧಾರಣೆ ಆ ವರ್ಷ ಇದ್ದ ಹಾಗೇ ಇತ್ತು.

ಇನ್ನೊಂದು ಎಚ್ಚರಿಕೆ. ಇಷ್ಟು ಕಾಣಿಕೆ ಹಾಕಿದರೆ ಅಷ್ಟು ಸಾಲ ತೀರುತ್ತದೆ ಎಂದು ಹೇಳುವವರು ಯಾರೇ ಆಗಲಿ, ಅವರಿಗೆ ನಿಮ್ಮ ಪಾಸ್‌ಬುಕ್ ತೋರಿಸಬೇಡಿ.

ಬೇಲಿ ಜಗಳ

ಪಕ್ಕದ ತೋಟದವರಿಗೂ ನಮಗೂ ಅಗಳದ ವಿಷಯಕ್ಕೆ ಮಾತು ಬಿಟ್ಟು ನಾಲ್ಕು ವರ್ಷ. ಇಂಥ ವಿಷಯವನ್ನು ಪ್ರಾರ್ಥನೆಗೆ ತಂದರೆ ಅದು ವಕೀಲರ ವಾದವಾಗಿಬಿಡುತ್ತದೆ: ಅವರು ಹೀಗೆ ಮಾಡಿದರು, ಹಾಗೆ ಅಂದರು, ನೀನೇ ನೋಡು. ಕೇಸು ದೇವರಿಗೆ ಗೊತ್ತಿದೆ, ದಿನವೂ ಓದಬೇಡಿ.

ಬದಲಿಗೆ ಮೊದಲ ತಿಂಗಳು ಹೆಸರು ಮಾತ್ರ ಹೇಳಿ. ಹಿಂದೆ ಮುಂದೆ ಏನೂ ಬೇಡ. ಹೆಸರು ಹೇಳುವಾಗ ಹಲ್ಲು ಕಚ್ಚಿದರೂ ಪರವಾಗಿಲ್ಲ. ಎರಡನೇ ತಿಂಗಳು ನಿಮಗೂ ಅವರಿಗೂ ಸಮನಾಗಿರುವ ಒಂದು ವಿಷಯ ಸೇರಿಸಿ. ನಮ್ಮದು ಸುಲಭವಾಗಿತ್ತು, ಎಲೆಚುಕ್ಕಿ ರೋಗ ಬೇಲಿ ನೋಡಿ ಬರುವುದಿಲ್ಲ. "ಅವರ ತೋಟಕ್ಕೂ ಸ್ವಾಮಿ." ಹೀಗೆ ಹೇಳಿದ ದಿನ ನನಗೆ ಭಕ್ತಿ ಉಕ್ಕಲಿಲ್ಲ, ಹೊಟ್ಟೆ ಉರಿಯಿತು. ಆದರೂ ಹೇಳಿದೆ.

ಕಾಣಿಕೆ ತರುವಾಗ ಸೋದರನಿಗೆ ನಿನ್ನ ಮೇಲೆ ಏನಾದರೂ ಇದೆ ಎಂದು ನೆನಪಾದರೆ ಕಾಣಿಕೆಯನ್ನು ಅಲ್ಲೇ ಬಿಟ್ಟು ಹೋಗು ಎಂಬ ಮಾತು ಮತ್ತಾಯನ 5ನೇ ಅಧ್ಯಾಯದಲ್ಲಿದೆ. ತೆನೆಹಬ್ಬದ ದಿನ, ಸೆಪ್ಟೆಂಬರ್ 8ರಂದು, ಹೊಸ ಭತ್ತದ ತೆನೆಯನ್ನು ಚರ್ಚಿನಲ್ಲಿ ಆಶೀರ್ವದಿಸಿ ಮನೆಗೆ ತರುತ್ತೇವೆ. ಹೋದ ವರ್ಷ ಒಂದು ತೆನೆ ಹೆಚ್ಚು ತಂದೆ. ಅವರ ಗೇಟಿನವರೆಗೆ ಹೋದೆ. ನಾಯಿ ಬೊಗಳಿತು, ಒಳಗಿನಿಂದ ಯಾರೂ ಬರಲಿಲ್ಲ, ಗೇಟಿನ ಸರಳಿಗೆ ಸಿಕ್ಕಿಸಿ ಬಂದೆ. ಮರುದಿನ ಅಲ್ಲಿ ಇರಲಿಲ್ಲ. ಅವರು ತೆಗೆದುಕೊಂಡರೋ ದನ ತಿಂದಿತೋ ಗೊತ್ತಿಲ್ಲ, ಕೇಳುವಷ್ಟು ಮಾತು ಇನ್ನೂ ಶುರುವಾಗಿಲ್ಲ.

ಕಾಯಿಲೆ ಬಂದಾಗ

ಪ್ರಾರ್ಥನೆ ಮಾಡಿ, ಆಸ್ಪತ್ರೆಗೂ ಹೋಗಿ, ಎರಡರಲ್ಲಿ ಒಂದಲ್ಲ. 1957ರಲ್ಲಿ ನಮ್ಮದೇ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಮಂಗನ ಕಾಯಿಲೆ ಇಂದಿಗೂ ಬೇಸಿಗೆಯಲ್ಲಿ ತಲೆ ಎತ್ತುತ್ತದೆ. ಕಾಡಿಗೆ ಸೊಪ್ಪು, ದರಗು ತರಲು ಹೋಗುವವರು ಹೊರಡುವಾಗ ಶಿಲುಬೆ ಗುರುತು ಹಾಕಿಕೊಳ್ಳಲಿ, ಆರೋಗ್ಯ ಇಲಾಖೆ ಕೊಡುವ ಎಣ್ಣೆಯನ್ನೂ ಕೈಕಾಲಿಗೆ ಹಚ್ಚಿಕೊಳ್ಳಲಿ, ಬಂದ ಮೇಲೆ ಬಿಸಿನೀರು ಮಿಂದು ಬಟ್ಟೆಯಲ್ಲಿ ಈ ಕಾಯಿಲೆ ಹರಡುವ ಉಣುಗು ಇದೆಯೇ ನೋಡಲಿ. ಜ್ವರ ಬಂದರೆ ಕಾಯುತ್ತ ಕೂರುವುದು ಬೇಡ. ಕಾಯಿಲೆಯವರ ಬಳಿ ಸಭೆಯ ಹಿರಿಯರನ್ನು ಕರೆಸಿ ಎಂದು ಯಾಕೋಬ ಬರೆದಿದ್ದಾನೆ. ಗುರುಗಳನ್ನೋ ಸಭಾಪಾಲಕರನ್ನೋ ಕರೆಯಲು ಕೊನೆಯ ಗಳಿಗೆಯವರೆಗೆ ತಡೆಯಬೇಡಿ. ಅವರು ಬಂದರೆ ಸಾವು ಬಂತು ಎಂದು ಹೆದರುವುದು ನಮ್ಮಲ್ಲಿ ಬೇರುಬಿಟ್ಟಿದೆ.

ಸಿಟ್ಟು ಬಂದ ದಿನ

ಒಂದು ವರ್ಷ ಪುಷ್ಯ ಮಳೆ ಹೊಳವೇ ಕೊಡಲಿಲ್ಲ. ಅಡಿಕೆಗೆ ಕೊಳೆರೋಗದ ಔಷಧಿ ಬೋರ್ಡೋವನ್ನು ಎರಡನೇ ಸಲ ಹೊಡೆಯಬೇಕಿತ್ತು, ಕೊಳೆ ಆಗಲೇ ಕಾಣಿಸಿಕೊಂಡಿತ್ತು. ಒಂದು ಬೆಳಿಗ್ಗೆ ಬಿಸಿಲು ಬಂತು. ದೇವರ ಉತ್ತರ ಎಂದುಕೊಂಡು ಡ್ರಮ್ಮಿಗೆ 100 ಲೀಟರ್ ನೀರು, 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣದ ಲೆಕ್ಕದಲ್ಲಿ ಕಲಸಿದೆವು. ಕೊನೆಗಾರ ನಾಲ್ಕನೇ ಮರ ಹತ್ತುವಾಗ ಮಳೆ ಸುರಿಯಿತು. ಬೋರ್ಡೋ ಕಲಸಿದ ದಿನವೇ ಹೊಡೆಯಬೇಕು, ನಾಳೆಗೆ ಇಡುವಂತಿಲ್ಲ. ನೀಲಿ ನೀರು ಡ್ರಮ್ಮಿನಲ್ಲೇ ಉಳಿಯಿತು, ಕಾಯಿ ಉದುರತೊಡಗಿತು.

ಆ ಸಂಜೆ ಜಪಸರ ಹಿಡಿದರೂ ಯಾರ ಬಾಯೂ ತೆರೆಯಲಿಲ್ಲ. ಮಗಳು, ಆಗ ಒಂಬತ್ತನೇ ಕ್ಲಾಸು, "ನಂಗೆ ದೇವರ ಮೇಲೆ ಸಿಟ್ಟು" ಎಂದಳು. ಅತ್ತೆ ಬೈಯುತ್ತಾರೆ ಎಂದುಕೊಂಡೆ. ಅವರು ಕನ್ನಡಕ ಹಾಕಿಕೊಂಡು ಬೈಬಲ್ ತೆರೆದು 13ನೇ ಕೀರ್ತನೆ ಓದಿದರು. ಮೊದಲ ಎರಡು ವಚನದಲ್ಲೇ ನಾಲ್ಕು ಸಲ ಕೇಳುತ್ತಾನೆ, ಎಷ್ಟರವರೆಗೆ, ಎಷ್ಟರವರೆಗೆ ಎಂದು. ಓದಿ ಮುಚ್ಚಿದರು. "ಸಿಟ್ಟನ್ನ ಅಲ್ಲೇ ಹೇಳು, ಅಡುಗೆಮನೆ ಪಾತ್ರೆ ಮೇಲೆ ತೋರಿಸಬೇಡ" ಎಂದರು.

ಅಂಥ ದಿನಕ್ಕೆಂದು ಈ ಎರಡು ಕೀರ್ತನೆಗಳ ಪುಟಕ್ಕೆ ಗುರುತಿಟ್ಟುಕೊಳ್ಳಿ: 13 ಮತ್ತು 88. 88ನೆಯದು ಸಮಾಧಾನದಲ್ಲಿ ಮುಗಿಯುವುದೇ ಇಲ್ಲ, ಕತ್ತಲಿನಲ್ಲಿ ಮುಗಿಯುತ್ತದೆ. ಅದನ್ನೂ ಪ್ರಾರ್ಥನೆಯೆಂದೇ ಸೇರಿಸಿದ್ದಾರೆ. ಓದಲೂ ಆಗದಿದ್ದರೆ ಸುಮ್ಮನೆ ಕೂತು ನಿಟ್ಟುಸಿರು ಬಿಡಿ. ಮಾತಿಗೆ ನಿಲುಕದ ನರಳಿಕೆಯಲ್ಲಿ ಪವಿತ್ರಾತ್ಮ ನಮಗಾಗಿ ಬೇಡುತ್ತಾರೆ ಎಂದು ರೋಮನರಿಗೆ ಬರೆದ ಪತ್ರದ 8ನೇ ಅಧ್ಯಾಯ ಹೇಳುತ್ತದೆ. ಪೌಲನೂ ತನ್ನ ಮುಳ್ಳನ್ನು ತೆಗೆ ಎಂದು ಮೂರು ಸಲ ಕೇಳಿದ, ಮುಳ್ಳು ಇದ್ದಲ್ಲೇ ಇತ್ತು.

ಮನೆಯವರೆಲ್ಲ ಕೂತಾಗ ಎರಡು ನಿಯಮ

ಒಬ್ಬೊಬ್ಬರಿಗೆ ಒಂದೇ ವಿಷಯ. ಇದರಿಂದ ಪ್ರಾರ್ಥನೆ ಚಿಕ್ಕದಾಗುತ್ತದೆ, ಹುಡುಗರು ಉಳಿಯುತ್ತಾರೆ.

ಎರಡನೆಯದು, ಪ್ರಾರ್ಥನೆಯಲ್ಲಿ ಪಕ್ಕದಲ್ಲಿ ಕೂತವರಿಗೆ ಬೈಯುವ ಹಾಗಿಲ್ಲ. "ದೇವರೇ, ಮೊಬೈಲು ಬಿಟ್ಟು ಓದುವ ಬುದ್ಧಿಯನ್ನು ನಮ್ಮ ಮಗನಿಗೆ ದಯಪಾಲಿಸು" ಎಂದು ಮಗನ ಎದುರೇ ಹೇಳುವುದು ದೇವರಿಗೆ ಹೇಳಿದ್ದಲ್ಲ. ಅವನಿಗೂ ಗೊತ್ತು, ದೇವರಿಗೂ ಗೊತ್ತು. ಹಾಗೆಯೇ ವಾರದ ಪ್ರಾರ್ಥನಾ ಕೂಟದಲ್ಲಿ "ಅವರ ಮನೆಯ ಸೊಸೆಗಾಗಿ ಪ್ರಾರ್ಥಿಸೋಣ, ಏನಾಗಿದೆ ಅಂದ್ರೆ..." ಎಂದು ಶುರುವಾದರೆ ತಡೆಯಿರಿ. ಹೆಸರು ಸಾಕು, ಕಥೆ ಬೇಡ. ತೀರಾ ಒಳಗಿನ ವಿಷಯವಿದ್ದರೆ ಹನ್ನಳ ಹಾಗೆ, ತುಟಿ ಅಲುಗಬೇಕು, ಸದ್ದು ಕೇಳಬಾರದು. ಯಾಜಕ ಏಲಿ ಅವಳನ್ನು ಕುಡಿದವಳು ಎಂದುಕೊಂಡನಂತೆ. ಅಂದುಕೊಂಡರೆ ಅಂದುಕೊಳ್ಳಲಿ.

ರಾತ್ರಿ: ಪುಸ್ತಕದ ಎಡಗಡೆ, ಬಲಗಡೆ

16ನೇ ಶತಮಾನದ ಲೊಯೊಲಾದ ಸಂತ ಇಗ್ನಾಸಿಯವರು ದಿನದ ಕೊನೆಗೆ ದಿನವನ್ನು ದೇವರ ಜೊತೆ ಮತ್ತೊಮ್ಮೆ ನಡೆದು ನೋಡುವ ಕ್ರಮವೊಂದನ್ನು ಕಲಿಸಿದರು. ನಮ್ಮ ಮನೆಯಲ್ಲಿ ಅದು ಐದು ನಿಮಿಷದ್ದು. ಬೆಳಗಿನ ಒಲೆಯಿಂದ ಶುರುಮಾಡಿ, ಎಲ್ಲಿ ಸ್ತೋತ್ರ ಹೇಳುವ ಹಾಗಿತ್ತು, ಎಲ್ಲಿ ನಾಲಿಗೆ ತಪ್ಪಿತು, ಯಾರ ಮುಖ ಬಾಡಿತು, ನೋಡುತ್ತ ಬನ್ನಿ. ತಪ್ಪಿದ್ದಕ್ಕೆ ಕ್ಷಮೆ ಕೇಳಿ, ನಾಳೆಯ ಒಂದು ವಿಷಯ ಹೇಳಿ ಮಲಗಿ. ನಡುವೆ ನಿದ್ದೆ ಬಂದರೆ ತಪ್ಪೇನಲ್ಲ.

ಮೊದಲ ವಾರ ಪಟ್ಟಿ ಬರೆದ ನೋಟ್‌ಬುಕ್ಕನ್ನೇ ಮುಂದುವರಿಸಿ. ಎಡಪುಟದಲ್ಲಿ ಹೇಳಿದ್ದು, ತಾರೀಕು. ಬಲಪುಟದಲ್ಲಿ ಆದದ್ದು, ಆದಾಗ. ಬಲಪುಟಕ್ಕೆ ಅವಸರ ಮಾಡಬೇಡಿ, ತುಂಬಿಸಲೇಬೇಕೆಂದು ಎಳೆದು ತಂದು ಬರೆಯಬೇಡಿ. ನಮ್ಮ ಪುಸ್ತಕದಲ್ಲಿ ಸ್ಟಾರ್ಟರಿನ ಎದುರು "ರಿಪೇರಿ ಆಯ್ತು" ಎಂದಿದೆ. ಡಬ್ಬದ ಎದುರು "ಪಟ್ಟಿ ತಂದೆ" ಎಂದಿದೆ. ಮಗಳ ಎದುರು ಅವಳದೇ ಅಕ್ಷರದಲ್ಲಿ "ಈಗ ಮಾತಾಡ್ತೀನಿ, ಜಾಸ್ತಿ ಕೇಳ್ಬೇಡಿ" ಎಂದಿದೆ. ಅಗಳದ ಎದುರು ಖಾಲಿ. ಅತ್ತೆಯ ಮಂಡಿನೋವಿನ ಎದುರೂ ಖಾಲಿ, ಅವರೇ ಒಮ್ಮೆ ಪುಸ್ತಕ ತೆಗೆದು ನೋಡಿ "ಇರಲಿ ಬಿಡು, ಅಲ್ಲಿ ಜಾಗ ಇದೆಯಲ್ಲ" ಎಂದರು.

ಪುಸ್ತಕವನ್ನು ದೇವರ ಪಟದ ಹತ್ತಿರ ಇಡಬೇಡಿ, ಯಾರೂ ಮುಟ್ಟುವುದಿಲ್ಲ. ನಮ್ಮದು ಅಡುಗೆಮನೆಯಲ್ಲಿ ಅಕ್ಕಿ ಡಬ್ಬಿಯ ಮೇಲಿದೆ, ದಾರ ಕಟ್ಟಿದ ಪೆನ್ಸಿಲ್ ಜೊತೆಗೆ. ಪೆನ್ಸಿಲ್ಲೇ ಆಗಬೇಕು. ಆಷಾಢದ ತೇವಕ್ಕೆ ಜೆಲ್ ಪೆನ್ನಿನಲ್ಲಿ ಬರೆದದ್ದು ಹಬ್ಬಿ, ಒಂದು ಪುಟದ ಬೇಡಿಕೆ ಇನ್ನೊಂದು ಪುಟಕ್ಕೆ ಹತ್ತಿಕೊಳ್ಳುತ್ತದೆ.